ಎಸ್. ಎಲ್. ಭೈರಪ್ಪನವರ ಊಹಾಪ್ರಧಾನ ಕಾದಂಬರಿಗಳು: ಪ್ರೇರಣೆ ಮತ್ತು ವಸ್ತು

ಕನ್ನಡದ ಕಾದಂಬರಿಕಾರ ಎಸ್. ಎಲ್. ಭೈರಪ್ಪನವರ (1931–2025) ಕೃತಿಗಳಲ್ಲಿ ‘ನಾಯಿನೆರಳು’ (1968), ‘ಸಾಕ್ಷಿ’ (1986) ಮತ್ತು ‘ಯಾನ’ (2014) ಎಂಬ ಮೂರು ಕಾದಂಬರಿಗಳು ನಿತ್ಯದ ಅನುಭವಕ್ಕೆ ಎಟುಕದ ಒಂದೊಂದು ಕಲ್ಪನೆಯ ಮೇಲೆ ನಿಂತಿವೆ. ಮೊದಲನೆಯದರಲ್ಲಿ ಸತ್ತ ಮಗ ಬೇರೊಂದು ಮನೆಯಲ್ಲಿ ಹುಟ್ಟಿ ಬೆಳೆದು ಹಳೆಯ ಮನೆಗೆ ಮರಳುತ್ತಾನೆ. ಎರಡನೆಯದರಲ್ಲಿ ಪ್ರಾಣ ಬಿಟ್ಟವನೊಬ್ಬ ಯಮನೆದುರು ನಿಂತು ತಾನಾಡಿದ ಸುಳ್ಳಿಗೆ ಲೆಕ್ಕ ಒಪ್ಪಿಸಬೇಕಾಗುತ್ತದೆ. ಮೂರನೆಯದರಲ್ಲಿ ಒಂದು ಗಂಡು ಒಂದು ಹೆಣ್ಣು ಭೂಮಿಗೆ ಎಂದೂ ಮರಳದ ನೌಕೆಯಲ್ಲಿ ಸೌರವ್ಯೂಹದ ಆಚೆಗೆ ಹೊರಡುತ್ತಾರೆ. ‘ಸಾರ್ಥ’ (1998) ಕಾದಂಬರಿಯ ಯೋಗ ಮತ್ತು ಸಿದ್ಧಿಗಳ ಪ್ರಸಂಗಗಳು ಇವುಗಳ ನೆರೆಗೆ ಬರುತ್ತವೆ. ಭೈರಪ್ಪನವರು ಮುಖ್ಯವಾಗಿ ವಾಸ್ತವವಾದಿ ಕಾದಂಬರಿಕಾರರೆಂದೇ ಹೆಸರಾದವರು. ಅಸಂಭವವೆನಿಸುವ ಒಂದೇ ಒಂದು ಸಂಗತಿಯನ್ನು ಆರಂಭದಲ್ಲಿ ಒಪ್ಪಿಕೊಂಡು, ಉಳಿದುದೆಲ್ಲವನ್ನೂ ಮನೆ, ಜಮೀನು, ಮದುವೆ, ಕೋರ್ಟುಗಳ ಕಟ್ಟುನಿಟ್ಟಿನ ವಾಸ್ತವದಲ್ಲಿ ನಡೆಸುವುದು ಈ ಕೃತಿಗಳ ಸಾಮಾನ್ಯ ಲಕ್ಷಣ. ಅದ್ಭುತ ಇಲ್ಲಿ ಬೆರಗು ಹುಟ್ಟಿಸಲು ಬಂದುದಲ್ಲ. ಸಾವು, ಸತ್ಯ, ಸಂಬಂಧಗಳನ್ನು ಒರೆಗೆ ಹಚ್ಚಲು ಬಂದುದು.

ಊರು ಮತ್ತು ಬಾಲ್ಯ

ಸಂತೇಶಿವರ ಲಿಂಗಣ್ಣಯ್ಯ ಭೈರಪ್ಪನವರು ಹುಟ್ಟಿದ್ದು ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ. ಹಿರೀಸಾವೆ, ನುಗ್ಗೇಹಳ್ಳಿ, ಬಾಗೂರು, ದಂಡಿಗನಹಳ್ಳಿ, ಶ್ರವಣಬೆಳಗೊಳ ಹೋಬಳಿಗಳ ಈ ಸೀಮೆ ಕೆರೆ, ರಾಗಿ ಹೊಲ, ತೆಂಗಿನ ತೋಟಗಳ ನಾಡು. ಪಕ್ಕದ ತಿಪಟೂರು ಕೊಬ್ಬರಿ ವ್ಯಾಪಾರಕ್ಕೆ ಹೆಸರಾದ ಪೇಟೆ. ಭೈರಪ್ಪನವರ ಹಲವು ಕಾದಂಬರಿಗಳ ಮಾತು, ಊಟ, ಬೇಸಾಯ, ಜಗಳ, ನಂಬಿಕೆಗಳು ಈ ನೆಲದಿಂದಲೇ ಎದ್ದು ಬಂದಿವೆ. ಇದೇ ಜಿಲ್ಲೆಯ ಗೊರೂರು ರಾಮಸ್ವಾಮಿ ಅಯ್ಯಂಗಾರರ ಬರಹಗಳು ಅವರ ಎಳೆಯ ವಯಸ್ಸಿನ ಓದಿನ ಮೇಲೆ ಪ್ರಭಾವ ಬೀರಿದ್ದವು.

ಭೈರಪ್ಪನವರ ಬಾಲ್ಯವನ್ನು ರೂಪಿಸಿದ ದೊಡ್ಡ ಸಂಗತಿ ಸಾವು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಮೈಸೂರು ಸೀಮೆಗೆ ಕಾಲಿಟ್ಟ ಪ್ಲೇಗು ಇಪ್ಪತ್ತನೆಯ ಶತಮಾನದ ನಡುಭಾಗದವರೆಗೂ ಹಳ್ಳಿಗಳನ್ನು ಮತ್ತೆ ಮತ್ತೆ ಕಾಡಿತು. ಮನೆಯಲ್ಲಿ ಇಲಿ ಬಿತ್ತೆಂದರೆ ಜನ ಪಾತ್ರೆ ಪಡಗ, ದವಸ ಕಟ್ಟಿಕೊಂಡು ಊರು ಬಿಟ್ಟು, ಹೊಲ ತೋಟಗಳಲ್ಲಿ ಗರಿಯ ಗುಡಿಸಲು ಹಾಕಿಕೊಂಡು ವಾರಗಟ್ಟಲೆ ಕಳೆಯುತ್ತಿದ್ದರು. ಭೈರಪ್ಪನವರ ತಾಯಿ ಗೌರಮ್ಮನವರೂ ಒಡಹುಟ್ಟಿದವರೂ ಈ ರೋಗಕ್ಕೆ ಬಲಿಯಾದರು. ಈ ಅನುಭವ ‘ಗೃಹಭಂಗ’ (1970) ಕಾದಂಬರಿಯಲ್ಲಿ ಕಥೆಯಾಗಿ, ಆತ್ಮಕಥೆ ‘ಭಿತ್ತಿ’ಯಲ್ಲಿ (1996) ನೇರ ನಿರೂಪಣೆಯಾಗಿ ಬಂದಿದೆ. ‘ಗೃಹಭಂಗ’ದ ನಂಜಮ್ಮ ಶಾನುಭೋಗಿಕೆಯ ಲೆಕ್ಕ ಬರೆದು ಸಂಸಾರ ನಡೆಸುವ ಗಟ್ಟಿ ಹೆಂಗಸು. ಮದುವೆಯಾದ ಮಗಳು ಪಾರ್ವತಿ, ಓದಿನಲ್ಲಿ ಮುಂದಿದ್ದ ಮಗ ರಾಮಣ್ಣ ಒಬ್ಬರ ಹಿಂದೊಬ್ಬರು ಪ್ಲೇಗಿನಿಂದ ಸಾಯುತ್ತಾರೆ. ಕೊನೆಗೆ ನಂಜಮ್ಮನನ್ನೂ ಅದೇ ರೋಗ ಒಯ್ಯುತ್ತದೆ. ಚಿಕ್ಕ ಮಗ ವಿಶ್ವ ಉಳಿಯುತ್ತಾನೆ. ಅವನು ಏಕೆ ಉಳಿದ, ಅವರು ಏಕೆ ಹೋದರು ಎಂಬುದಕ್ಕೆ ಕಾದಂಬರಿ ಉತ್ತರ ಕೊಡುವುದಿಲ್ಲ. ವಾಸ್ತವವಾದಿ ಕಥನ ಸಾವನ್ನು ತೋರಿಸಬಲ್ಲುದು, ಸಾವಿನಾಚೆಗೆ ಕಾಲಿಡಲಾರದು. ಅದು ನಿಂತಲ್ಲಿಂದ ಮುಂದಕ್ಕೆ ಹೋಗುವ ಪ್ರಯತ್ನಗಳಾಗಿ ‘ನಾಯಿನೆರಳು’ ಮತ್ತು ‘ಸಾಕ್ಷಿ’ಗಳನ್ನು ಓದಬಹುದು.

ತತ್ತ್ವಶಾಸ್ತ್ರದ ನೆಲೆ

ಸಾವು ಎಂದರೇನು ಎಂಬ ಪ್ರಶ್ನೆಯೇ ಭೈರಪ್ಪನವರನ್ನು ತತ್ತ್ವಶಾಸ್ತ್ರದ ಕಡೆಗೆ ಸೆಳೆಯಿತು. ಮೈಸೂರಿನಲ್ಲಿ ಓದುವಾಗ ಪ್ರೊ. ಎಂ. ಯಾಮುನಾಚಾರ್ಯರ ಮಾರ್ಗದರ್ಶನ ಅವರಿಗೆ ದೊರೆಯಿತು. ಮೈಸೂರು ವಿಶ್ವವಿದ್ಯಾನಿಲಯದ ಎಂ.ಎ. ಪದವಿಯ ನಂತರ ಬರೋಡಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾನಿಲಯದಿಂದ ಸತ್ಯ ಮತ್ತು ಸೌಂದರ್ಯಗಳ ಸಂಬಂಧ ಕುರಿತ ಪ್ರಬಂಧಕ್ಕೆ ಪಿಎಚ್.ಡಿ. ಪಡೆದರು. ಹುಬ್ಬಳ್ಳಿ, ಗುಜರಾತಿನ ವಲ್ಲಭ ವಿದ್ಯಾನಗರ, ದೆಹಲಿ, ಮೈಸೂರುಗಳಲ್ಲಿ ಅಧ್ಯಾಪಕರಾಗಿ ದುಡಿದು 1991ರಲ್ಲಿ ನಿವೃತ್ತರಾದರು. ‘ಸತ್ಯ ಮತ್ತು ಸೌಂದರ್ಯ’, ‘ಸಾಹಿತ್ಯ ಮತ್ತು ಪ್ರತೀಕ’, ‘ಕಥೆ ಮತ್ತು ಕಥಾವಸ್ತು’, ‘ನಾನೇಕೆ ಬರೆಯುತ್ತೇನೆ’ ಎಂಬ ಕೃತಿಗಳು ಅವರ ಸಾಹಿತ್ಯ ವಿಚಾರವನ್ನು ತಿಳಿಯಲು ಮುಖ್ಯವಾದವು.

ತತ್ತ್ವಶಾಸ್ತ್ರದಲ್ಲಿ ಒಂದು ಊಹೆಯನ್ನು ಮುಂದಿಟ್ಟು ಅದರ ಪರಿಣಾಮಗಳನ್ನು ತರ್ಕದಿಂದ ಬಿಡಿಸುವ ಪದ್ಧತಿ ಹಳೆಯದು. ಹದಿನೇಳನೆಯ ಶತಮಾನದ ಕೊನೆಗೆ ಇಂಗ್ಲೆಂಡಿನ ಜಾನ್ ಲಾಕ್ ಒಬ್ಬ ರಾಜಕುಮಾರನ ನೆನಪುಗಳೆಲ್ಲ ಒಬ್ಬ ಚಮ್ಮಾರನ ದೇಹಕ್ಕೆ ಬಂದರೆ ಆತ ಯಾರು ಎಂದು ಕೇಳಿದ. ಭಾರತೀಯ ನ್ಯಾಯದರ್ಶನದಲ್ಲಿ ಇದಕ್ಕೆ ಹತ್ತಿರದ ವಾದಗಳು ಅದಕ್ಕೂ ಬಹು ಹಿಂದೆಯೇ ಇವೆ. ಹುಟ್ಟಿದ ಕೂಸು ಯಾರೂ ಕಲಿಸದೆ ಮೊಲೆಗೆ ಬಾಯಿ ಹಾಕುವುದು ಹಿಂದಿನ ಜನ್ಮದ ಅಭ್ಯಾಸದಿಂದ ಎಂಬುದು ನ್ಯಾಯಸೂತ್ರಗಳು ಪುನರ್ಜನ್ಮದ ಪರವಾಗಿ ಹೂಡುವ ವಾದ. ಹಿಂದೆ ಕಂಡದ್ದನ್ನು ಇದು ಅದೇ ಎಂದು ಗುರುತಿಸುವ ಪ್ರತ್ಯಭಿಜ್ಞೆ, ಆತ್ಮ ಒಂದೇ ಆಗಿ ಉಳಿಯುತ್ತದೆ ಎಂಬುದಕ್ಕೆ ಆಧಾರ. ಇಂಥ ವಾದಗಳನ್ನು ತರಗತಿಯಲ್ಲಿ ಕಲಿತು ಕಲಿಸಿದ ಲೇಖಕರೊಬ್ಬರು ಅವನ್ನು ಹಾಸನ, ತುಮಕೂರು ಸೀಮೆಯ ಮನೆಯ ಜಗಲಿಗೆ ತಂದು ಕೂರಿಸಿದಾಗ ಹುಟ್ಟುವ ಕಥೆಗಳು ಇವು.

ಕನ್ನಡ ಪರಂಪರೆಯಲ್ಲಿ ಮರುಹುಟ್ಟಿನ ಕಥೆ

ಜನ್ಮಾಂತರದ ಕಥೆ ಕನ್ನಡ ಸಾಹಿತ್ಯಕ್ಕೆ ಹೊಸದಲ್ಲ. ಉಪಲಬ್ಧವಿರುವ ಹಳೆಯ ಗದ್ಯಕೃತಿಗಳಲ್ಲೊಂದಾದ ‘ವಡ್ಡಾರಾಧನೆ’ಯ 19 ಕಥೆಗಳಲ್ಲಿ ಒಂದು ಜೀವ ಹಲವು ಹುಟ್ಟುಗಳಲ್ಲಿ ಸಾಗುವ ಭವಾವಳಿಗಳೂ ಹಿಂದಿನ ಹುಟ್ಟಿನ ನೆನಪು ಮರಳುವ ಜಾತಿಸ್ಮರಣೆಯೂ ಬರುತ್ತವೆ. ಹೊಯ್ಸಳರ ಆಸ್ಥಾನದ ಜನ್ನ 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯಲ್ಲಿ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಪಾಪಕ್ಕೆ ಅರಸ ಯಶೋಧರ ನವಿಲಾಗಿಯೂ ಅವನ ತಾಯಿ ಚಂದ್ರಮತಿ ನಾಯಿಯಾಗಿಯೂ ಹುಟ್ಟುತ್ತಾರೆ. ತಾವೇ ಬಾಳಿದ ಅರಮನೆಗೆ, ಈಗ ಅರಸನಾಗಿರುವ ಮಗನಿಗೆ, ಆ ಎರಡೂ ಪ್ರಾಣಿಗಳು ಕಾಣಿಕೆಯಾಗಿ ಬರುತ್ತವೆ. ನಾಯಿಯಾದ ತಾಯಿ ನವಿಲಾದ ಮಗನನ್ನು ಕೊಲ್ಲುತ್ತದೆ. ಇವೆರಡೂ ಜೈನ ಪರಂಪರೆಯ ಕೃತಿಗಳು; ಜೈನಧರ್ಮದ ದೊಡ್ಡ ಕ್ಷೇತ್ರವಾದ ಶ್ರವಣಬೆಳಗೊಳ ಭೈರಪ್ಪನವರು ಹುಟ್ಟಿದ ಚನ್ನರಾಯಪಟ್ಟಣ ತಾಲ್ಲೂಕಿನಲ್ಲೇ ಇದೆ.

ಜನ್ನನ ಕಾವ್ಯಕ್ಕೂ ‘ನಾಯಿನೆರಳು’ ಕಾದಂಬರಿಗೂ ನಡುವೆ ಏಳೂವರೆ ಶತಮಾನಗಳ ಅಂತರವಿದ್ದರೂ ಎರಡರ ಬಿಕ್ಕಟ್ಟು ಒಂದೇ: ಜೀವ ಅದೇ, ಸಂಬಂಧ ಬೇರೆ. ವ್ಯತ್ಯಾಸ ಇರುವುದು ಆ ಬಿಕ್ಕಟ್ಟನ್ನು ನೋಡುವ ಬಗೆಯಲ್ಲಿ. ಜನ್ನನಲ್ಲಿ ಮರುಹುಟ್ಟು ಕರ್ಮದ ಫಲ. ಅದನ್ನು ಬಲ್ಲ ಮುನಿಗಳಿದ್ದಾರೆ, ಅದರಿಂದ ಬಿಡುಗಡೆಯ ದಾರಿಯೂ ಇದೆ. ಭೈರಪ್ಪನವರಲ್ಲಿ ಮರುಹುಟ್ಟು ಮನೆಯೊಳಗಿನ ಸಮಸ್ಯೆ. ಮಗ ಬಂದ ಎಂದು ಒಪ್ಪಿದರೆ ಅವನಿಗೆ ಹಾಸಿಗೆ ಎಲ್ಲಿ ಹಾಸಬೇಕು ಎಂಬುದರಿಂದ ಪ್ರಶ್ನೆಗಳು ಏಳುತ್ತವೆ.

ನಾಯಿನೆರಳು

‘ನಾಯಿನೆರಳು’ ಕಾದಂಬರಿಯ ಹಿಂದಿರುವ ಊಹೆ ಸರಳ. ಬಹಳ ವರ್ಷಗಳ ಹಿಂದೆ ತೀರಿಕೊಂಡ ಮಗ ತಾನೇ ಎಂದು ದೂರದ ಊರಿನ ಯುವಕನೊಬ್ಬ ಹೇಳುತ್ತಾನೆ. ಹಳೆಯ ಮನೆ, ಹಳೆಯ ಜನ ಅವನ ನೆನಪಿನಲ್ಲಿದ್ದಾರೆ. ಮಗನನ್ನು ಕಳೆದುಕೊಂಡ ತಂದೆ ತಾಯಿ ಅವನನ್ನು ಬರಮಾಡಿಕೊಳ್ಳುತ್ತಾರೆ. ತೊಡಕು ಆಮೇಲೆ ಶುರುವಾಗುತ್ತದೆ. ಸತ್ತವನ ಹೆಂಡತಿ ವೆಂಕಮ್ಮ ವಿಧವೆಯಾಗಿ ಆ ಮನೆಯಲ್ಲೇ ಇದ್ದಾಳೆ. ಬಂದವನು ಮಗನೇ ಹೌದಾದರೆ ಅವಳು ಸುಮಂಗಲಿ, ಅವನು ಅವಳ ಗಂಡ. ಆದರೆ ಅವನ ವಯಸ್ಸು ಅವಳ ಹೊಟ್ಟೆಯಲ್ಲಿ ಹುಟ್ಟಿದ ಮಗುವಿನ ವಯಸ್ಸಿನ ಆಸುಪಾಸಿನದು. ಆ ಮಗು ಅವನನ್ನು ಅಪ್ಪ ಎನ್ನಬೇಕೆ?

ಮನೆಯ ಹಿರಿಯರಿಗೆ ಮರುಹುಟ್ಟು ಒಂದು ಸಮಾಧಾನ. ಹೆಂಡತಿಗೆ ಅದು ಬದುಕನ್ನೆಲ್ಲ ಮತ್ತೊಮ್ಮೆ ಕಟ್ಟಿಕೊಳ್ಳಬೇಕಾದ ಕಷ್ಟ, ಅದರ ಜೊತೆಗೇ ಬತ್ತಿಹೋಗಿದ್ದ ಆಸೆಗೆ ತೆರೆದ ಬಾಗಿಲು. ಮಗುವಿಗೆ ಅದು ಅವಮಾನ. ಊರಿಗೆ ಮೊದಲು ಬೆರಗು, ಆಮೇಲೆ ಆಡಿಕೊಳ್ಳುವ ಮಾತು. ಇಷ್ಟು ಜನ ಒಂದೇ ಸಂಗತಿಯನ್ನು ಇಷ್ಟು ಬಗೆಯಲ್ಲಿ ಅನುಭವಿಸುವುದನ್ನು ತೋರಿಸುವುದೇ ಕಾದಂಬರಿಯ ಬಲ. ಧರ್ಮಶಾಸ್ತ್ರ ಆತ್ಮವನ್ನು ನಂಬುತ್ತದೆ, ಆದರೆ ಮದುವೆಯನ್ನು ಅದು ದೇಹಕ್ಕೆ ಕಟ್ಟಿದೆಯೋ ಆತ್ಮಕ್ಕೆ ಕಟ್ಟಿದೆಯೋ? ಪುನರ್ಜನ್ಮವನ್ನು ನಂಬುವ ಸಮಾಜವೇ ಅದು ಕಣ್ಣೆದುರು ಬಂದು ನಿಂತಾಗ ಏಕೆ ತಡಬಡಾಯಿಸುತ್ತದೆ? ಈ ಪ್ರಶ್ನೆಗಳನ್ನು ಎತ್ತಲು ಮರುಹುಟ್ಟಿನ ಊಹೆ ಇಲ್ಲದೆ ಬೇರೆ ದಾರಿ ಇರಲಿಲ್ಲ.

ಆ ಕಾಲಕ್ಕೆ ಪುನರ್ಜನ್ಮದ ವಿಷಯ ಜಗತ್ತಿನ ಬೇರೆ ಕಡೆಗಳಲ್ಲೂ ಚರ್ಚೆಯಲ್ಲಿತ್ತು. ದೆಹಲಿಯ ಶಾಂತಿದೇವಿ ಎಂಬ ಹುಡುಗಿ ತಾನು ಮಥುರೆಯಲ್ಲಿ ಗೃಹಿಣಿಯಾಗಿದ್ದುದಾಗಿ ಹೇಳಿದ ಪ್ರಸಂಗ 1930ರ ದಶಕದಲ್ಲಿ ದೇಶವೆಲ್ಲ ಸುದ್ದಿಯಾಗಿತ್ತು. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾನಿಲಯದ ಮನೋವೈದ್ಯ ಇಯಾನ್ ಸ್ಟೀವನ್ಸನ್ ಪುನರ್ಜನ್ಮವನ್ನು ಸೂಚಿಸುವಂಥ 20 ಪ್ರಕರಣಗಳ ಅಧ್ಯಯನವನ್ನು 1966ರಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಭಾರತದ ಪ್ರಕರಣಗಳೂ ಇದ್ದವು. ಅಂಥ ಅಧ್ಯಯನಗಳ ಪ್ರಶ್ನೆ ನೆನಪು ನಿಜವೇ ಎಂಬುದು. ಕಾದಂಬರಿ ಕೇಳುವುದು ಅದರ ಮುಂದಿನದನ್ನು: ನಿಜವೇ ಆದರೆ ಅದರೊಡನೆ ಬಾಳುವುದು ಹೇಗೆ?

ಗಿರೀಶ್ ಕಾಸರವಳ್ಳಿ ಈ ಕಾದಂಬರಿಯನ್ನು 2006ರಲ್ಲಿ ಅದೇ ಹೆಸರಿನ ಚಲನಚಿತ್ರವಾಗಿ ತಂದರು. ವೆಂಕಮ್ಮನ ಪಾತ್ರದಲ್ಲಿ ಪವಿತ್ರಾ ಲೋಕೇಶ್ ಅಭಿನಯಿಸಿದರು. ಚಿತ್ರ ಪುನರ್ಜನ್ಮದ ಸತ್ಯಾಸತ್ಯತೆಯನ್ನು ಬದಿಗಿಟ್ಟು ಅತ್ತೆ, ಸೊಸೆ, ಮೊಮ್ಮಗಳು ಎಂಬ ಮೂರು ತಲೆಮಾರಿನ ಹೆಂಗಸರ ಮನಸ್ಸನ್ನು ನಡುವಿಗೆ ತರುತ್ತದೆ. ಊಹೆಯ ಅಂಶವನ್ನು ತೆಳುಮಾಡಿದರೂ ಕಥೆ ಕುಸಿಯದೆ ನಿಂತದ್ದು, ಮೂಲದಲ್ಲಿ ಮನುಷ್ಯ ಸಂಬಂಧದ ಭಾಗ ಎಷ್ಟು ಗಟ್ಟಿಯಾಗಿತ್ತೆಂಬುದನ್ನು ತೋರಿಸುತ್ತದೆ.

ಸಾಕ್ಷಿ

‘ಸಾಕ್ಷಿ’ ತೆರೆದುಕೊಳ್ಳುವುದು ಸಾವಿನಾಚೆ. ಬದುಕೆಲ್ಲ ಸತ್ಯವಂತನೆಂದು ಹೆಸರು ಪಡೆದ ಪರಮೇಶ್ವರಯ್ಯ ಕೊಲೆಯ ಆರೋಪ ಹೊತ್ತ ಮಂಜಯ್ಯನನ್ನು ಉಳಿಸಲು ನ್ಯಾಯಾಲಯದಲ್ಲಿ ಸುಳ್ಳು ಸಾಕ್ಷಿ ಹೇಳುತ್ತಾನೆ. ಆಮೇಲೆ ಆತ್ಮಹತ್ಯೆ ಮಾಡಿಕೊಳ್ಳುತ್ತಾನೆ. ಅವನ ಜೀವ ಯಮನ ಮುಂದೆ ನಿಂತಾಗ ಕಥೆ ಆರಂಭವಾಗುತ್ತದೆ.

ಯಮನೊಡನೆ ಮಾತು ಎಂಬುದು ಭಾರತೀಯ ಚಿಂತನೆಯಲ್ಲಿ ಬೇರು ಬಿಟ್ಟ ಪ್ರಸಂಗ. ಕಠೋಪನಿಷತ್ತಿನ ನಚಿಕೇತ ಸಾವಿನ ಗುಟ್ಟನ್ನು ಯಮನಿಂದಲೇ ಕೇಳಿ ತಿಳಿಯುತ್ತಾನೆ. ಮಹಾಭಾರತದ ಸಾವಿತ್ರಿ ಮಾತಿನಲ್ಲೇ ಅವನನ್ನು ಗೆಲ್ಲುತ್ತಾಳೆ. ಹಳ್ಳಿಯ ಮನೆಗಳಲ್ಲಿ ಸಾವಿನ ದಿನಗಳಲ್ಲಿ ಓದಿಸುವ ಗರುಡಪುರಾಣ ಯಮಲೋಕದ ವಿಚಾರಣೆಯನ್ನು ಕಣ್ಣಿಗೆ ಕಟ್ಟುವಂತೆ ಹೇಳುತ್ತದೆ. ಓದು ಬಾರದವರಿಗೂ ಚಿತ್ರಗುಪ್ತನ ಲೆಕ್ಕದ ಕಡತ ಗೊತ್ತು. ಭೈರಪ್ಪನವರು ಈ ಪರಿಚಿತ ಚೌಕಟ್ಟನ್ನು ಶಿಕ್ಷೆಯ ವರ್ಣನೆಗೆ ಬಳಸುವುದಿಲ್ಲ. ಭೂಮಿಯ ಕೋರ್ಟಿನಲ್ಲಿ ಮುಗಿದುಹೋದ ಮೊಕದ್ದಮೆಯನ್ನು ಮತ್ತೆ ತೆರೆಯಲು ಬಳಸುತ್ತಾರೆ. ಕೆಳಗಿನ ನ್ಯಾಯಾಲಯ ಕೇಳಿದ್ದು ನಡೆದದ್ದೇನು ಎಂದು. ಇಲ್ಲಿನ ಪ್ರಶ್ನೆ ಸತ್ಯವಂತನೂ ಸುಳ್ಳಾಡುವುದೇಕೆ ಎಂಬುದು.

ಶೀರ್ಷಿಕೆಯಲ್ಲೇ ಎರಡು ಅರ್ಥಗಳು ಕೂಡಿಕೊಂಡಿವೆ. ತಾಲ್ಲೂಕು ಕಚೇರಿ, ಕೋರ್ಟುಗಳ ಮಾತಿನಲ್ಲಿ ಸಾಕ್ಷಿ ಎಂದರೆ ಕಟಕಟೆಯಲ್ಲಿ ನಿಂತು ಹೇಳಿಕೆ ಕೊಡುವವನು. ಅದ್ವೈತ ವೇದಾಂತದಲ್ಲಿ ಸಾಕ್ಷಿ ಎಂದರೆ ಯಾವುದರಲ್ಲೂ ತೊಡಗದೆ ಎಲ್ಲವನ್ನೂ ಬೆಳಗುವ ಚೈತನ್ಯ. ಸತ್ತಮೇಲೆ ಪರಮೇಶ್ವರಯ್ಯ ಮೊದಲನೆಯ ಅರ್ಥದ ಸಾಕ್ಷಿಯಿಂದ ಎರಡನೆಯದರ ಕಡೆಗೆ ಸರಿಯಬೇಕಾಗುತ್ತದೆ. ತಾನು ಉಳಿಸಿದ ಮನುಷ್ಯನ ಕಾಮ, ಸುತ್ತಲಿನವರ ಲೋಭ, ಜಿಪುಣತನ, ಹಟಗಳು ಕೈ ಹಾಕಿ ತಡೆಯಲಾಗದ ದೂರದಿಂದ ಕಾಣುತ್ತವೆ. ಬದುಕಿದ್ದವನಿಗೆ ಸಿಕ್ಕದ ಈ ನೋಟಕ್ಕಾಗಿಯೇ ಕಾದಂಬರಿಗೆ ಪರಲೋಕದ ಚೌಕಟ್ಟು ಬೇಕಾಯಿತು. ಒಬ್ಬನ ಸುಳ್ಳಿನಿಂದ ಹೊರಟ ವಿಚಾರಣೆ ಹೀಗೆ ಸುಳ್ಳಿನ ಮೂಲ ಯಾವುದು ಎಂಬ ಪ್ರಶ್ನೆಯಾಗಿ ಬೆಳೆಯುತ್ತದೆ. ಆ ಪ್ರಶ್ನೆಗೆ ಸುಲಭದ ತೀರ್ಪು ಸಿಗುವುದಿಲ್ಲ.

ಪರ್ವ ಮತ್ತು ಸಾರ್ಥ

ಊಹೆಯನ್ನು ಬಳಸುವಲ್ಲಿ ಭೈರಪ್ಪನವರ ಶಿಸ್ತನ್ನು ತಿಳಿಯಲು ‘ಪರ್ವ’ವನ್ನು (1979) ಪಕ್ಕದಲ್ಲಿಟ್ಟು ನೋಡಬೇಕು. ಅದು ಮಹಾಭಾರತದ ಕಥೆ. ಅಲ್ಲಿ ಪವಾಡಗಳಿಗೆ ಎಡೆಯಿಲ್ಲ. ವರ, ಶಾಪ, ದಿವ್ಯಾಸ್ತ್ರ, ದೇವತೆಗಳಿಂದ ಹುಟ್ಟಿದ ಮಕ್ಕಳು, ಇವೆಲ್ಲಕ್ಕೂ ನಿಯೋಗ, ಬುಡಕಟ್ಟುಗಳ ವಾಡಿಕೆ, ಯುದ್ಧದ ಹಸಿವು ನೀರಡಿಕೆಗಳ ನೆಲೆಯಲ್ಲಿ ವಿವರಣೆ ಹುಡುಕಲಾಗಿದೆ. ಅದರ ಬರವಣಿಗೆಗಾಗಿ ಅವರು ಹಿಮಾಲಯದ ತಪ್ಪಲಿನ ಊರುಗಳಲ್ಲೂ ಮಹಾಭಾರತದೊಡನೆ ನಂಟಿರುವ ಸ್ಥಳಗಳಲ್ಲೂ ಸುತ್ತಾಡಿದರು. ಒಬ್ಬಳು ಹಲವರನ್ನು ಮದುವೆಯಾಗುವ ಪದ್ಧತಿ ಬದುಕಿನಲ್ಲಿ ಹೇಗಿರುತ್ತದೆಂದು ಗಢವಾಲ ಕಡೆಯ ಹಳ್ಳಿಗಳಲ್ಲಿ ನೋಡಿದರು. 2017ರ ‘ಉತ್ತರಕಾಂಡ’ದಲ್ಲಿ ರಾಮಾಯಣಕ್ಕೂ ಇದೇ ವಾಸ್ತವದ ದೃಷ್ಟಿ ಒದಗಿತು.

ಪುರಾಣದಿಂದ ಅದ್ಭುತವನ್ನು ಕಳೆದ ಲೇಖಕರೇ ತಮ್ಮ ಕಾಲದ ಹಳ್ಳಿಯ ಕಥೆಗೆ ಪುನರ್ಜನ್ಮವನ್ನೂ ಯಮನನ್ನೂ ತಂದದ್ದು ವಿರೋಧವೆಂದು ಕಾಣಬಹುದು. ಎರಡರ ಹಿಂದಿರುವ ಉದ್ದೇಶ ಒಂದೇ. ಮಹಾಭಾರತದಲ್ಲಿ ಪವಾಡಗಳು ಪಾತ್ರಗಳ ಹೊಣೆಯನ್ನು ಮುಚ್ಚುತ್ತವೆ, ಆದ್ದರಿಂದ ಅವನ್ನು ತೆಗೆದರು. ‘ನಾಯಿನೆರಳು’, ‘ಸಾಕ್ಷಿ’ಗಳಲ್ಲಿ ಅಸಂಭವದ ಸಂಗತಿ ಪಾತ್ರಗಳ ಹೊಣೆಯನ್ನು ಬಯಲಿಗೆಳೆಯುತ್ತದೆ, ಆದ್ದರಿಂದ ಅದನ್ನು ತಂದರು.

‘ಸಾರ್ಥ’ ಈ ಎರಡು ಬಗೆಗಳ ನಡುವೆ ನಿಲ್ಲುತ್ತದೆ. ಎಂಟನೆಯ ಶತಮಾನದ ಭಾರತದಲ್ಲಿ ವರ್ತಕರ ಸಾರ್ಥದೊಡನೆ ಹೊರಟ ನಾಗಭಟ್ಟ ಅದರ ನಿರೂಪಕ. ಕುಮಾರಿಲ ಭಟ್ಟ, ಮಂಡನ ಮಿಶ್ರ, ಭಾರತೀದೇವಿ, ಶಂಕರರು, ನಾಲಂದದ ಬೌದ್ಧ ವಿದ್ವಾಂಸರು, ಸಿಂಧ್ ಪ್ರಾಂತದ ಅರಬ್ಬರ ಆಳ್ವಿಕೆ, ಇವು ಅವನ ದಾರಿಯಲ್ಲಿ ಎದುರಾಗುತ್ತವೆ. ನಾಗಭಟ್ಟನನ್ನು ಕಳಿಸಿದ ಅರಸನ ಹೆಸರು ಅಮರುಕ. ಶಂಕರರು ಅಮರುಕನ ಮೃತದೇಹದಲ್ಲಿ ಪರಕಾಯ ಪ್ರವೇಶ ಮಾಡಿದರೆಂಬ ಐತಿಹ್ಯವನ್ನು ಆ ಹೆಸರೇ ನೆನಪಿಗೆ ತರುತ್ತದೆ. ಯೋಗ, ಧ್ಯಾನ, ತಂತ್ರಗಳ ಅನುಭವಗಳನ್ನು ನಿರೂಪಕ ತಾನು ಕಂಡಂತೆ ಹೇಳುತ್ತಾನೆ. ಆ ಕಾಲದವರು ಯಾವುದನ್ನು ಸಾಧ್ಯವೆಂದು ನಂಬಿದ್ದರೋ ಅದು ಅವರ ಕಥೆಯಲ್ಲೂ ಸಾಧ್ಯವೆಂಬುದು ಇಲ್ಲಿನ ನಿಯಮ.

ಯಾನ

‘ಯಾನ’ ಪ್ರಕಟವಾದಾಗ ಭೈರಪ್ಪನವರು 80 ದಾಟಿದ್ದರು. ಹಳ್ಳಿ, ಪುರಾಣ, ಇತಿಹಾಸ, ಸಂಗೀತಗಳ ವಸ್ತುಗಳಿಗೆ ಹೆಸರಾದ ಲೇಖಕರು ಅಂತರಿಕ್ಷವನ್ನು ಆರಿಸಿಕೊಂಡದ್ದು ಓದುಗರಿಗೆ ಅನಿರೀಕ್ಷಿತವಾಗಿತ್ತು. ಆ ಹೊತ್ತಿಗೆ ಭಾರತದ ಅಂತರಿಕ್ಷ ಕಾರ್ಯಕ್ರಮ ಜನರ ಮನೆಮಾತಾಗಿತ್ತು. ರಾಕೇಶ್ ಶರ್ಮಾ 1984ರ ಏಪ್ರಿಲ್ 3ರಂದು ಸೋವಿಯತ್ ನೌಕೆಯಲ್ಲಿ ಅಂತರಿಕ್ಷಕ್ಕೆ ಹೋಗಿದ್ದರು. ಚಂದ್ರಯಾನ-1 2008ರಲ್ಲಿ ಚಂದ್ರನನ್ನು ತಲುಪಿತು. 2013ರ ನವೆಂಬರ್‌ನಲ್ಲಿ ಹೊರಟ ಮಂಗಳಯಾನ 2014ರ ಸೆಪ್ಟೆಂಬರ್ 24ರಂದು ಮಂಗಳನ ಕಕ್ಷೆ ಸೇರಿತು. ಲೇಖಕರ ಸ್ವಂತ ಜಿಲ್ಲೆಯ ಹಾಸನದಲ್ಲಿ 1982ರಿಂದ ಇಸ್ರೋದ ಪ್ರಧಾನ ನಿಯಂತ್ರಣ ಕೇಂದ್ರ ಇನ್ಸಾಟ್ ಸರಣಿಯ ಉಪಗ್ರಹಗಳನ್ನು ನಡೆಸುತ್ತ ಬಂದಿದೆ.

ಕಾದಂಬರಿಯ ನೌಕೆ ಸೌರವ್ಯೂಹವನ್ನು ದಾಟಿ ಇನ್ನೊಂದು ನಕ್ಷತ್ರದ ಕಡೆಗೆ ಹೋಗುವಂಥದು. ಸೂರ್ಯನಿಗೆ ಅತಿ ಹತ್ತಿರದ ನಕ್ಷತ್ರವಾದ ಪ್ರಾಕ್ಸಿಮಾ ಸೆಂಟಾರಿಯೂ ಸುಮಾರು 4.24 ಜ್ಯೋತಿರ್ವರ್ಷ, ಅಂದರೆ ಸುಮಾರು 40 ಲಕ್ಷ ಕೋಟಿ ಕಿಲೋಮೀಟರ್ ದೂರದಲ್ಲಿದೆ. 1977ರಲ್ಲಿ ಹೊರಟ ವಾಯೇಜರ್-1 ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿದೆ. ಆ ವೇಗದಲ್ಲಿ ಅಷ್ಟು ದೂರ ಕ್ರಮಿಸಲು 70 ಸಾವಿರ ವರ್ಷಗಳಿಗೂ ಹೆಚ್ಚು ಬೇಕು. ವೇಗವನ್ನು ಎಷ್ಟೋ ಪಟ್ಟು ಹೆಚ್ಚಿಸಿದರೂ ಹೊರಟವರು ತಲುಪುವುದಿಲ್ಲ. ಅವರ ಮಕ್ಕಳು, ಮೊಮ್ಮಕ್ಕಳು ತಲುಪಬೇಕು. ಪಶ್ಚಿಮದಲ್ಲಿ ಈ ಕಲ್ಪನೆಯನ್ನು ವಿಜ್ಞಾನಿ ಜೆ. ಡಿ. ಬರ್ನಾಲ್ 1929ರಲ್ಲೇ ಚರ್ಚಿಸಿದ್ದ. ಅಮೆರಿಕದ ಲೇಖಕ ರಾಬರ್ಟ್ ಹೈನ್‌ಲೈನ್ 1941ರಲ್ಲಿ ಅದನ್ನು ಕಥೆಯಾಗಿಸಿದ. ಹೈನ್‌ಲೈನ್‌ನ ಕಥೆಯಲ್ಲಿ ನೌಕೆಯ ಜನ ತಾವು ನೌಕೆಯಲ್ಲಿರುವುದನ್ನೇ ಮರೆತಿರುತ್ತಾರೆ. ಭೈರಪ್ಪನವರ ನೌಕೆಯಲ್ಲಿ ಅಂಥ ದೊಡ್ಡ ಸಮುದಾಯವಿಲ್ಲ. ಇರುವುದು ಒಂದು ಸಂಸಾರ.

ಸುದರ್ಶನ ಮತ್ತು ಉತ್ತರೆ ನೌಕೆ ಏರಿದ ಮೊದಲ ಜೋಡಿ. ಅವಳು ವಾಯುಪಡೆಯ ಪೈಲಟ್; ಅವಳ ಹಿಂದಿನ ಬದುಕಿನಲ್ಲಿ ಯಾದವ್ ಎಂಬ ಇನ್ನೊಬ್ಬನ ಪ್ರೀತಿ ಇದೆ. ನೌಕೆಯಲ್ಲೇ ಬೆಳೆದ ಆಕಾಶ್ ಮತ್ತು ಮೇದಿನಿ ಮುಂದಿನ ಪೀಳಿಗೆ. ಯಾನದ ಉದ್ದೇಶ ಸಾಗಬೇಕಾದರೆ ಅಣ್ಣ ತಂಗಿಯರಂತೆ ಬೆಳೆದ ಅವರೇ ಗಂಡ ಹೆಂಡಿರಾಗಬೇಕು. ದೊಡ್ಡವರು ಭೂಮಿಯ ಮೇಲಿನ ತಮ್ಮ ಕಥೆಯನ್ನು ಬರೆದಿಟ್ಟಿದ್ದಾರೆ. ಚಿಕ್ಕವರು ಅದನ್ನು ಓದಿ ತಾವು ಯಾರೆಂದು ಅರಿಯುತ್ತಾರೆ. ಮಣ್ಣು, ಮಳೆ, ಸಂತೆ, ನೆಂಟರ ಮನೆ ಯಾವುದನ್ನೂ ಕಾಣದ ಮಕ್ಕಳಿಗೆ ಭೂಮಿ ಎಂಬುದು ಓದಿ ಊಹಿಸಿಕೊಳ್ಳಬೇಕಾದ ಲೋಕ. ಓದುಗನಿಗೆ ಅಂತರಿಕ್ಷ ಹೇಗೋ ಆ ಮಕ್ಕಳಿಗೆ ಭೂಮಿ ಹಾಗೆ.

ಹೆಸರುಗಳನ್ನು ಗಮನಿಸಬೇಕು. ಆಕಾಶ ಎಂದರೆ ಬಾನು, ಮೇದಿನಿ ಎಂದರೆ ನೆಲ. ವೇದದಲ್ಲಿ ಬಾನು ಮತ್ತು ನೆಲ ದ್ಯಾವಾಪೃಥಿವೀ ಎಂಬ ಜೋಡಿ. ಜಗತ್ತಿಗೆ ತಂದೆ ತಾಯಿ. ಋಗ್ವೇದದ ಹತ್ತನೆಯ ಮಂಡಲದಲ್ಲಿ ಯಮ ಮತ್ತು ಯಮಿಯರ ಸಂವಾದ ಬರುತ್ತದೆ. ವಂಶ ಬೆಳೆಯಲು ತನ್ನನ್ನು ಕೂಡೆಂದು ತಂಗಿ ಯಮಿ ಕೇಳುತ್ತಾಳೆ, ಯಮ ಒಲ್ಲೆನೆನ್ನುತ್ತಾನೆ. ‘ಯಾನ’ದ ಮಕ್ಕಳ ಮುಂದಿರುವ ಇಕ್ಕಟ್ಟು ಆ ಹಳೆಯ ಇಕ್ಕಟ್ಟನ್ನೇ ನೆನಪಿಸುತ್ತದೆ. ಬೇರೆ ಮನುಷ್ಯರೇ ಇಲ್ಲದ ಕಡೆ ನಿಷೇಧಕ್ಕೆ ಏನು ಅರ್ಥ? ಮದುವೆ, ಸೋದರಭಾವ, ಲಜ್ಜೆ, ಇವು ಪ್ರಕೃತಿ ಕೊಟ್ಟವೋ ಸಮಾಜ ಕಟ್ಟಿದವೋ? ಸಮಾಜವನ್ನು ಪೂರ್ತಿಯಾಗಿ ತೆಗೆದುಹಾಕಿ ನೋಡುವ ಅವಕಾಶ ಭೂಮಿಯ ಮೇಲಿನ ಯಾವ ಕಥೆಗೂ ಇಲ್ಲ. ಅಂತರಿಕ್ಷ ನೌಕೆ ಆ ಅವಕಾಶವನ್ನು ಒದಗಿಸಿತು.

ಸಾಮಾನ್ಯ ವಸ್ತುಗಳು

ಈ ಕಾದಂಬರಿಗಳನ್ನು ಒಟ್ಟಿಗೆ ನೋಡಿದಾಗ ಮೂರು ಎಳೆಗಳು ಎದ್ದು ಕಾಣುತ್ತವೆ.

ಮೊದಲನೆಯದು ನೆನಪು. ‘ನಾಯಿನೆರಳು’ ಕಾದಂಬರಿಯಲ್ಲಿ ಮನುಷ್ಯ ಯಾರೆಂಬುದನ್ನು ನಿರ್ಧರಿಸುವುದು ಅವನ ನೆನಪು. ‘ಸಾಕ್ಷಿ’ಯಲ್ಲಿ ಮಾಡಿದ್ದರ ನೆನಪು ಸತ್ತ ಮೇಲೂ ಬೆನ್ನು ಬಿಡುವುದಿಲ್ಲ. ‘ಯಾನ’ದಲ್ಲಿ ಭೂಮಿಯೇ ನೆನಪಾಗಿ ಹಾಳೆಯ ಮೇಲೆ ಉಳಿಯುತ್ತದೆ.

ಎರಡನೆಯದು ಸಂತಾನ. ವಂಶ ಮುಂದುವರಿಯುವುದೆಂದರೇನು ಎಂಬುದು ‘ವಂಶವೃಕ್ಷ’ದಿಂದ (1965) ಆರಂಭಿಸಿ ಭೈರಪ್ಪನವರನ್ನು ಕಾಡಿದ ವಿಷಯ. ವಂಶ ಬೀಜದಲ್ಲಿದೆಯೇ, ಸಾಕಿ ಸಲಹಿದ್ದರಲ್ಲಿದೆಯೇ, ಆತ್ಮದಲ್ಲಿದೆಯೇ? ಮರುಹುಟ್ಟಿನ ಕಥೆ ಮತ್ತು ನೌಕೆಯ ಕಥೆ ಈ ಪ್ರಶ್ನೆಯನ್ನು ಅದರ ತುತ್ತತುದಿಗೆ ಒಯ್ಯುತ್ತವೆ.

ಮೂರನೆಯದು ಧರ್ಮದ ಪರೀಕ್ಷೆ. ಇಲ್ಲಿ ಧರ್ಮವೆಂದರೆ ಮತವಲ್ಲ. ಯಾರಿಗೆ ಯಾರು ಏನಾಗಬೇಕು, ಯಾವ ಮಾತಿಗೆ ಯಾರು ಹೊಣೆ ಎಂಬ ಕಟ್ಟು. ಮೂರೂ ಕಥೆಗಳಲ್ಲಿ ಶಾಸ್ತ್ರ ಮತ್ತು ಕಾನೂನು ಮುಂಚೆಯೇ ಊಹಿಸದಿದ್ದ ಸ್ಥಿತಿ ಎದುರಾಗುತ್ತದೆ, ಪಾತ್ರಗಳು ತಮ್ಮ ಧರ್ಮವನ್ನು ತಾವೇ ಹುಡುಕಬೇಕಾಗುತ್ತದೆ.

ವಿಮರ್ಶೆ ಮತ್ತು ಸ್ಥಾನ

ಭೈರಪ್ಪನವರಿಗೆ ‘ದಾಟು’ ಕಾದಂಬರಿಗಾಗಿ 1975ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, ‘ಮಂದ್ರ’ಕ್ಕಾಗಿ 2010ರ ಸರಸ್ವತಿ ಸಮ್ಮಾನ್, 2023ರಲ್ಲಿ ಪದ್ಮಭೂಷಣ ದೊರೆತವು. ಅವರ ಕೃತಿಗಳು ಹಲವು ಭಾರತೀಯ ಭಾಷೆಗಳಿಗೆ ಹೋಗಿವೆ. ಮರಾಠಿ ಮತ್ತು ಹಿಂದಿಯಲ್ಲಿ ಅವರಿಗೆ ದೊಡ್ಡ ಓದುಗ ಬಳಗವಿದೆ. ಊಹಾಪ್ರಧಾನ ಕೃತಿಗಳ ಕುರಿತ ಟೀಕೆಯೂ ಅವರ ಉಳಿದ ಕಾದಂಬರಿಗಳ ಟೀಕೆಯ ಜಾಡಿನಲ್ಲೇ ಇದೆ. ಪಾತ್ರಗಳು ಕೆಲವೆಡೆ ಲೇಖಕರ ವಾದವನ್ನು ಮಂಡಿಸಲು ನಿಂತಂತೆ ಕಾಣುತ್ತವೆ ಎಂಬುದು ಒಂದು ಆಕ್ಷೇಪ. ಹೆಣ್ಣಿನ ಪಾತ್ರಗಳನ್ನು ಹಳೆಯ ಕುಟುಂಬ ಮೌಲ್ಯಗಳ ಅಳತೆಗೋಲಿನಲ್ಲಿ ತೂಗಲಾಗುತ್ತದೆ ಎಂಬುದು ಇನ್ನೊಂದು. ಅವರನ್ನು ಮೆಚ್ಚುವವರು, ಎದುರು ಬದುರಿನ ವಾದಗಳಿಗೂ ಪೂರ್ತಿ ಬಾಯಿ ಕೊಟ್ಟು ಓದುಗನನ್ನು ಯೋಚನೆಗೆ ಹಚ್ಚುವುದೇ ಅವರ ಶಕ್ತಿ ಎನ್ನುತ್ತಾರೆ.

ಕನ್ನಡದಲ್ಲಿ ವಿಜ್ಞಾನ ಕಥೆಯ ಪ್ರತ್ಯೇಕ ಧಾರೆಯೇ ಇದೆ. ರಾಜಶೇಖರ ಭೂಸನೂರಮಠ ವಿಜ್ಞಾನ ಕಥೆಗಳನ್ನೇ ಮುಖ್ಯವಾಗಿ ಬರೆದು ಆ ಪ್ರಕಾರಕ್ಕೆ ಓದುಗರನ್ನು ಬೆಳೆಸಿದರು. ಕೆ. ಪಿ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಹಾರುವ ಓತಿಯ ಹುಡುಕಾಟವನ್ನು ಮಲೆನಾಡಿನ ಹಳ್ಳಿಯ ಬದುಕಿನೊಳಗೆ ಹೆಣೆಯಿತು. ತೇಜಸ್ವಿಯವರಲ್ಲಿ ಕುತೂಹಲ ಪ್ರಕೃತಿಯ ಕಡೆಗೆ, ಜೀವವಿಕಾಸದ ನಿಗೂಢದ ಕಡೆಗೆ ಹರಿಯುತ್ತದೆ. ಭೈರಪ್ಪನವರಲ್ಲಿ ಅದು ಮನೆಯೊಳಕ್ಕೆ ತಿರುಗುತ್ತದೆ. ಮರುಹುಟ್ಟಾಗಲಿ, ಯಮಲೋಕವಾಗಲಿ, ನಕ್ಷತ್ರಗಳ ನಡುವಿನ ದಾರಿಯಾಗಲಿ, ಅವರ ಕಥೆ ಕೊನೆಗೆ ಗಂಡ ಹೆಂಡತಿ, ತಂದೆ ಮಕ್ಕಳು, ಅಣ್ಣ ತಂಗಿಯರ ನಡುವಿನ ಮಾತಿಗೇ ಬಂದು ನಿಲ್ಲುತ್ತದೆ.

ಭೈರಪ್ಪನವರು 2025ರ ಸೆಪ್ಟೆಂಬರ್ 24ರಂದು ಬೆಂಗಳೂರಿನಲ್ಲಿ ನಿಧನರಾದರು. ‘ಯಾನ’ದ ನಂತರ ಅವರು ಬರೆದ ಕಾದಂಬರಿ ‘ಉತ್ತರಕಾಂಡ’ ಒಂದೇ, ಅದು ಪುರಾಣವಸ್ತುವಿನದು. ಅನುಭವಕ್ಕೆ ನಿಲುಕದ ಊಹೆಯನ್ನು ಆಧಾರವಾಗಿಟ್ಟುಕೊಂಡ ಅವರ ಕೃತಿಗಳ ಸಾಲು ‘ಯಾನ’ಕ್ಕೆ ಮುಗಿಯುತ್ತದೆ.